ಐದು ನಿಮಿಷದ ಲೆಕ್ಕ

ಪುಟ್ಟ ಪುಸ್ತಕದಂಗಡಿಯೊಂದರ ಕ್ಯಾಟಲಾಗನ್ನು ಕ್ಲೌಡ್‌ಗೆ ಏರಿಸಿದ ಹೊಸತು. ಹುಡುಕಾಟ ನಿಧಾನ ಎಂದು ಓದುಗರು ದೂರಿದರು. ನಾನು ಹಿಂದೆಮುಂದೆ ನೋಡದೆ ಇಮ್ಮಡಿ ಪ್ರೊಸೆಸರುಗಳ ಯಂತ್ರ ಬಾಡಿಗೆಗೆ ಹಿಡಿದೆ. ಬಿಲ್ಲು ಏರಿತು, ನಿಧಾನ ಹಾಗೇ ಉಳಿಯಿತು. ಪ್ರೊಸೆಸರುಗಳು ಕೈಕಟ್ಟಿ ಕೂತು ಡಿಸ್ಕಿಗಾಗಿ ಕಾಯುತ್ತಿದ್ದವು. ಮುಂದಿನ ತಿಂಗಳೂ ಹೀಗೇ ಆದರೆ ಜಾಲತಾಣ ಮುಚ್ಚಿಬಿಡೋಣ ಎಂದರು ಅಂಗಡಿಯವರು.

ಆಗ ಕೈಗೆ ಸಿಕ್ಕಿದ್ದು 1987ರ ಒಂದು ಚಿಕ್ಕ ಪ್ರಬಂಧ. ಬರೆದವರು ಟ್ಯಾಂಡೆಮ್ ಕಂಪನಿಯಲ್ಲಿದ್ದ ಜಿಮ್ ಗ್ರೇ ಮತ್ತು ಫ್ರಾಂಕೋ ಪುಟ್ಜೊಲು. ಯಾವ ಮಾಹಿತಿ ಮೆಮೊರಿಯಲ್ಲಿರಬೇಕು, ಯಾವುದು ಡಿಸ್ಕಿನಲ್ಲಿ? ಸಾಸಿವೆ ಡಬ್ಬಿ ಒಲೆಯ ಪಕ್ಕ, ಮದುವೆಯ ಕೊಪ್ಪರಿಗೆ ಅಟ್ಟದ ಮೇಲೆ ಎಂಬುದು ನಮ್ಮ ಮನೆಗಳಲ್ಲಿ ಎಲ್ಲರಿಗೂ ಗೊತ್ತು. ಆದರೆ ಎಷ್ಟು ಸಲ ಬಳಸುವ ಪಾತ್ರೆ ಅಟ್ಟದಿಂದ ಇಳಿಯಬೇಕು? ಅದಕ್ಕೆ ಅವರು ಬೆಲೆ ಕಟ್ಟಿದರು. ಸೆಕೆಂಡಿಗೊಮ್ಮೆ ಡಿಸ್ಕಿನಿಂದ ಓದುವ ಸಾಮರ್ಥ್ಯಕ್ಕೆ ಆಗ ಸುಮಾರು 2,000 ಡಾಲರ್, ಒಂದು ಕಿಲೋಬೈಟ್ ಮೆಮೊರಿಗೆ 5 ಡಾಲರ್. ಭಾಗಿಸಿದರೆ 400. ಅಂದರೆ, ಒಂದು ಕಿಲೋಬೈಟಿನ ದಾಖಲೆ 400 ಸೆಕೆಂಡಿನೊಳಗೆ ಮತ್ತೆ ಮತ್ತೆ ಬೇಕಾಗುವುದಾದರೆ ಅದನ್ನು ಮೆಮೊರಿಯಲ್ಲಿಡುವುದೇ ಅಗ್ಗ. ಇದಕ್ಕೆ 'ಐದು ನಿಮಿಷದ ನಿಯಮ' ಎಂದು ಹೆಸರಿಟ್ಟರು. (400 ಸೆಕೆಂಡು ಆರೂವರೆ ನಿಮಿಷವನ್ನೂ ದಾಟುತ್ತದೆ. ಕಿವಿಗೆ ಹಿತವಾಗಿರಲಿ ಅಂತಿರಬೇಕು!)

1997ರಲ್ಲಿ ಗ್ರೇ, ಗೋಟ್ಜ್ ಗ್ರೇಫ್ ಜೊತೆ ಕೂತು ಮತ್ತೆ ಲೆಕ್ಕ ಹಾಕಿದರು. ಬೆಲೆಗಳು ಪಾತಾಳಕ್ಕಿಳಿದಿದ್ದವು. ಆದರೂ ಅಲ್ಲಲ್ಲಿಂದ ಹೆಕ್ಕಿ ಓದುವ ಪುಟಗಳಿಗೆ ಐದು ನಿಮಿಷವೇ ಉಳಿದಿತ್ತು.

ಅವರ ಕಾಲದಲ್ಲಿ ಯಂತ್ರವನ್ನು ಕೊಳ್ಳುತ್ತಿದ್ದರು. 2009ರಲ್ಲಿ ಅಮೆಜಾನಿನ ಆರ್‌ಡಿಎಸ್ ಬಂದ ಮೇಲೆ ಡೇಟಾಬೇಸೂ ಗಂಟೆಯ ಬಾಡಿಗೆಗೆ ಸಿಗತೊಡಗಿತು. ಲೆಕ್ಕ ಸಲೀಸಾಯಿತೇ? ನನಗೆ ಹಾಗನ್ನಿಸುವುದಿಲ್ಲ. 2014ರಲ್ಲಿ ಬಂದ ಜಿಪಿ2 ಡಿಸ್ಕಿನಲ್ಲಿ ಒಂದು ಜಿಬಿಗೆ ಸೆಕೆಂಡಿಗೆ 3 ಓದು-ಬರಹ ಎಂಬ ಗಂಟು ಇತ್ತು. 100 ಜಿಬಿಗೆ 300. ಸದಾಕಾಲ 3,000 ಬೇಕೆಂದರೆ, ತುಂಬಲು ಏನೂ ಇಲ್ಲದಿದ್ದರೂ 1,000 ಜಿಬಿ ಹಿಡಿಯಬೇಕು. ವೇಗಕ್ಕಾಗಿ ಖಾಲಿ ಜಾಗಕ್ಕೆ ಬಾಡಿಗೆ! ಗಾತ್ರ ಮತ್ತು ವೇಗವನ್ನು ಬಿಡಿಸಿ ಮಾರುವ ಜಿಪಿ3 ಬಂದದ್ದು 2020ರ ಡಿಸೆಂಬರಿನಲ್ಲಿ.

ನಾನು ಮಾಡಿದ್ದಿಷ್ಟೆ: ಯಾವ ಕೋಷ್ಟಕ ದಿನಕ್ಕೆ ಎಷ್ಟು ಸಲ ಬೇಕಾಗುತ್ತದೆ ಎಂದು ಒಂದು ವಾರ ಎಣಿಸಿದೆ. ಶೀರ್ಷಿಕೆ, ಲೇಖಕರ ಸೂಚಿಗಳು ನಿಮಿಷಕ್ಕೆ ಹತ್ತಾರು ಸಲ. ಪ್ರೊಸೆಸರುಗಳನ್ನು ಅರ್ಧಕ್ಕಿಳಿಸಿ, ಅವೆರಡೂ ಹಿಡಿಸುವಷ್ಟು ಮೆಮೊರಿ ತೆಗೆದುಕೊಂಡೆ. ಬಿಲ್ಲು ಇಳಿಯಿತು, ಜಾಲತಾಣ ಉಳಿಯಿತು. ಹಳೆಯ ರಸೀದಿಗಳು ಇವತ್ತಿಗೂ ಡಿಸ್ಕಿನಲ್ಲೇ ಇವೆ. ಆಡಿಟ್ ಹೊತ್ತಿಗೆ ಕರೆದರೆ ಮೆಲ್ಲಗೆ ಬರುತ್ತವೆ. ಅಷ್ಟರಲ್ಲಿ ಆಡಿಟರು ಕಾಫಿ ಕುಡಿದು ಮುಗಿಸಿರುತ್ತಾರೆ.