ಮಿರಗದ ಮಳೆಯೂ ಕಾಮಕಸ್ತೂರಿಯೂ

ಚಿಕಾಗೋದಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಪತ್ರ ಬರೆದಿದ್ದಾಳೆ. ಮನೆಯೊಳಗೆ ಮೊಳೆಯಿಸಿದ ಕಾಮಕಸ್ತೂರಿ ಸಸಿಗಳನ್ನು ಏಪ್ರಿಲ್ ಕೊನೆಗೆ ಅಂಗಳದಲ್ಲಿ ನೆಟ್ಟಳಂತೆ. ಒಂದೇ ರಾತ್ರಿಯ ಹಿಮಕ್ಕೆ ಎಲ್ಲವೂ ಕಪ್ಪಾದವಂತೆ. ತೀರಿಹೋದ ತಾಯಿ ಕಟ್ಟಿಕೊಟ್ಟ ಬೀಜದಲ್ಲಿ ಇನ್ನು ಒಂದು ಚಿಟಿಕೆ ಮಾತ್ರ ಉಳಿದಿದೆ. "ಮಿರಗಕ್ಕೆ ಬಿತ್ತು ಅಂತಿದ್ದಳು ಅವ್ವ. ಇಲ್ಲಿ ಯಾವ ನಕ್ಷತ್ರ ನೋಡಲಿ ಸರ್?" ಎಂಬುದು ಅವಳ ಪ್ರಶ್ನೆ.

ಶಿವಯೋಗ ಮಂದಿರದ ಸುತ್ತಲಿನ ಮಲಪ್ರಭೆಯ ದಡದಲ್ಲಿ ಚಳಿಗಾಲಕ್ಕೆ ಇಬ್ಬನಿ ಬೀಳುತ್ತದೆ; ನೆಲದ ನೀರು ಹೆಪ್ಪುಗಟ್ಟುವುದಿಲ್ಲ. ನಮ್ಮ ಬಿತ್ತನೆಗೆ ಅಡ್ಡಿಯಾಗುವುದು ನೀರಿನ ಅಭಾವವೇ ಹೊರತು ಶೀತವಲ್ಲ. ಆದ್ದರಿಂದಲೇ ನಮ್ಮ ಹಿರಿಯರು ಸೂರ್ಯನು ಒಂದೊಂದು ನಕ್ಷತ್ರದಲ್ಲಿರುವ ಹದಿಮೂರು ಹದಿನಾಲ್ಕು ದಿನಗಳನ್ನು ಒಂದೊಂದು ಮಳೆಯೆಂದು ಎಣಿಸಿದರು. ಮೃಗಶಿರವೇ ನಮ್ಮವರ ಬಾಯಲ್ಲಿ ಮಿರಗ. ಅದು ಈಗ ಹುಟ್ಟುವುದು ಜೂನ್ 7 ಅಥವಾ 8ಕ್ಕೆ.

"ಈಗ" ಎಂದು ಬರೆದುದಕ್ಕೆ ಕಾರಣವಿದೆ. ಭೂಮಿಯ ಅಕ್ಷದ ಓಲಾಟದಿಂದ ನಕ್ಷತ್ರಗಳ ಲೆಕ್ಕವು ಋತುಗಳಿಗಿಂತ ಸುಮಾರು 70 ವರ್ಷಕ್ಕೆ ಒಂದು ದಿನದಂತೆ ಹಿಂದೆ ಬೀಳುತ್ತದೆ. ಹಾನಗಲ್ಲ ಕುಮಾರಸ್ವಾಮಿಗಳು ಶಿವಯೋಗ ಮಂದಿರವನ್ನು ಸ್ಥಾಪಿಸಿದ 1909ರಿಂದ ಈವರೆಗೆ ಸರಿದುದು ಒಂದೂವರೆ ದಿನದಷ್ಟು. ಯಾರ ಗಮನಕ್ಕೂ ಬಾರದು. ಆದರೆ ಒಂದನೆಯ ಪುಲಕೇಶಿ ಬಾದಾಮಿಯ ಕೋಟೆ ಕಟ್ಟಿಸಿದ 543ರಿಂದ ಎಣಿಸಿದರೆ ಮೂರು ವಾರಗಳಾಗುತ್ತವೆ. ಆಗಿನ ಮಿರಗವು ನಮ್ಮ ಇಂದಿನ ಲೆಕ್ಕದ ಮೇ ಮೂರನೆಯ ವಾರದಲ್ಲಿ ಹುಟ್ಟುತ್ತಿತ್ತು!

ಇದನ್ನು ಪ್ರಾಚೀನರು ಅರಿಯದವರೇನೂ ಅಲ್ಲ. ಅದೇ ಆರನೆಯ ಶತಮಾನದ ವರಾಹಮಿಹಿರನು ಬೃಹತ್ಸಂಹಿತೆಯಲ್ಲಿ, ಹಳೆಯ ಶಾಸ್ತ್ರಗಳು ದಕ್ಷಿಣಾಯನವನ್ನು ಆಶ್ಲೇಷೆಯ ನಡುವಿನಿಂದ ಹೇಳಿದ್ದರೂ ತನ್ನ ಕಾಲದಲ್ಲಿ ಅದು ಕರ್ಕಾಟಕದ ಆದಿಯಲ್ಲಿದೆ ಎಂದು ತಿಳಿಸುತ್ತಾನೆ. ಇಂದು ಅದು ಆರ್ದ್ರೆಯ ಹೊಸ್ತಿಲಿಗೆ ಬಂದಿದೆ. ಶಾಸ್ತ್ರವನ್ನು ಗೌರವಿಸುತ್ತಲೇ ಕಣ್ಣಿಗೆ ಕಂಡುದನ್ನು ಬರೆದ ಆ ಧೈರ್ಯವನ್ನು ನಾನು ತರಗತಿಯಲ್ಲಿ ಸಾಕಷ್ಟು ಹೇಳಲಿಲ್ಲವೆಂಬ ಕೊರಗು ನನಗಿದೆ.

ಇನ್ನು ಅವಳ ಪ್ರಶ್ನೆಗೆ ಬರುತ್ತೇನೆ. ಅಮೆರಿಕದವರು ಹಲವು ವರ್ಷಗಳ ತಾಪಮಾನದ ದಾಖಲೆಯಿಂದ ವಸಂತದ ಕೊನೆಯ ಹಿಮದ ದಿನವನ್ನು ಅಂದಾಜು ಮಾಡುತ್ತಾರೆ. ಚಿಕಾಗೋ ಸೀಮೆಯಲ್ಲಿ ಮೇ ನಡುಭಾಗದವರೆಗೂ ಆ ಭಯವುಂಟು. ರಾತ್ರಿಯ ತಾಪ 10 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದರೆ, ಹಿಮವಿಲ್ಲದಿದ್ದರೂ ಕಾಮಕಸ್ತೂರಿ ಬಾಡುತ್ತದೆ.

ಆದ್ದರಿಂದ ಮಗಳೇ, ನಿನ್ನ ಅವ್ವ ಹೇಳಿದ ಮಿರಗಕ್ಕೇ ಬಿತ್ತು. ಇಲ್ಲಿ ಮಳೆಗಾಗಿ ಕಾದ ದಿನವೇ ಅಲ್ಲಿ ಚಳಿ ಕಳೆದ ದಿನವೂ ಆಗುತ್ತದೆ. ಚಿಟಿಕೆಯಲ್ಲಿ ಅರ್ಧವನ್ನು ಮಾತ್ರ ಹಾಕು. ಒಂದೆರಡು ಗಿಡಗಳ ಕುಡಿ ಚಿವುಟದೆ ಹೂವಾಗಲು ಬಿಡು. ಅಕ್ಟೋಬರಿನ ಹಿಮಕ್ಕೆ ಮೊದಲೇ ತೆನೆ ಒಣಗಿಸಿ ಬೀಜ ತೆಗೆದಿಡು.