ವೃಷಭಾವತಿಯ ಕಣಿವೆಯ ಪೂರ್ವೋತ್ತರ

ಬೆಂಗಳೂರು ಪಟ್ಟಣವು ಸಮುದ್ರಮಟ್ಟಕ್ಕೆ ಸುಮಾರು 900 ಮೀಟರು ಎತ್ತರವಾದ ಒಂದು ದಿಣ್ಣೆಯ ಮೇಲೆ ನೆಲೆಗೊಂಡಿರುವುದು. ಈ ದಿಣ್ಣೆಯ ಪೂರ್ವಭಾಗದಲ್ಲಿ ಬಿದ್ದ ಮಳೆಯ ನೀರು ದಕ್ಷಿಣ ಪಿನಾಕಿನಿಯನ್ನು ಸೇರುವುದು. ಪಶ್ಚಿಮದಲ್ಲಿ ಬಿದ್ದುದು ಅರ್ಕಾವತಿಯ ಮೂಲಕ ಕಾವೇರಿಯನ್ನು ಮುಟ್ಟುವುದು. ಪಶ್ಚಿಮದ ನೀರನ್ನು ಒಯ್ಯುವ ಹೊಳೆಗೆ ವೃಷಭಾವತಿಯೆಂದು ಹೆಸರು. ಬಸವನಗುಡಿಯ ದೊಡ್ಡ ಬಸವಣ್ಣನ ಪಾದಮೂಲದಲ್ಲಿ ಇದು ಉದ್ಭವಿಸಿತೆಂಬ ಐತಿಹ್ಯದಿಂದಲೇ ಈ ನಾಮಧೇಯವು ಬಂದಿತು. ಬ್ಯಾಟರಾಯನಪುರದ ಗಾಳಿ ಆಂಜನೇಯನ ಗುಡಿಯ ಬಳಿ ಹಾದು, ನಾಯಂಡಹಳ್ಳಿ, ಕೆಂಗೇರಿ, ಬೈರಮಂಗಲಗಳನ್ನು ಕಂಡು, ಕನಕಪುರದ ಕಡೆಯಲ್ಲಿ ಇದು ಅರ್ಕಾವತಿಯೊಡನೆ ಕೂಡುವುದು. ಈ ಕಣಿವೆಯ ಊರುಗಳ ಚರಿತ್ರೆಯೆಂಬುದು ಬಹುಮಟ್ಟಿಗೆ ಈ ನೀರಿನ ಚರಿತ್ರೆಯೇ ಆಗಿರುವುದು.

ಪೂರ್ವದಲ್ಲಿ ಇದು ಮಳೆಗಾಲದ ಹೊಳೆಯಾಗಿದ್ದಿತು. ಕಾರ್ತಿಕ ಕಳೆದ ಮೇಲೆ ಪ್ರವಾಹವು ಸಣ್ಣಗಾಗಿ, ಬೇಸಗೆಯಲ್ಲಿ ಮರಳು ಮಾತ್ರ ಉಳಿಯುತ್ತಿದ್ದಿತು. ಆದುದರಿಂದ ಜನರು ಹೊಳೆಗಿಂತಲೂ ಕೆರೆಯನ್ನೇ ಹೆಚ್ಚಾಗಿ ನಂಬಿದರು. ಒಂದು ಕೆರೆಯು ತುಂಬಿ ಕೋಡಿ ಬಿದ್ದರೆ ಅದರ ಕೆಳಗಿನ ಕೆರೆಗೆ ನೀರು ಇಳಿಯುವಂತೆ, ಸರಪಣಿಯ ಕೊಂಡಿಗಳೋಪಾದಿಯಲ್ಲಿ ಕೆರೆಗಳು ಕಟ್ಟಲ್ಪಟ್ಟಿದ್ದುವು. ತೂಬನ್ನು ಎತ್ತಿ ಇಳಿಸಿ ಗದ್ದೆಗದ್ದೆಗೆ ನೀರನ್ನು ಹಂಚುವ ನೀರುಗಂಟಿಯು ಗ್ರಾಮದ ಆಯಗಾರರಲ್ಲಿ ಒಬ್ಬನು. ಸುಗ್ಗಿಯಲ್ಲಿ ಕಣದ ಧಾನ್ಯದಿಂದ ಅವನ ಪಾಲು ಸಲ್ಲುತ್ತಿದ್ದಿತು. ಕೆರೆಯ ಹೂಳು ಹೊಲಕ್ಕೆ ಗೊಬ್ಬರ. ಕೆರೆಯ ಹಿಂದೆ ಭತ್ತ ಮತ್ತು ತೆಂಗು. ದಿಣ್ಣೆಯ ಮೇಲೆ ರಾಗಿ, ಅವರೆ, ಹುರುಳಿ. ಕಾರ್ತಿಕಮಾಸದ ಕಡೆಯ ಸೋಮವಾರ ಬಸವನಗುಡಿಯಲ್ಲಿ ಇಂದಿಗೂ ನೆರೆಯುವ ಕಡಲೆಕಾಯಿ ಪರಿಷೆಯು ಆ ಒಕ್ಕಲು ಜೀವನದ ಶೇಷವೇ ಸರಿ. ಬೆಳೆಯನ್ನು ಮೇಯುತ್ತಿದ್ದ ಬಸವನಿಗೆ ಸುತ್ತಣ ಹಳ್ಳಿಯವರು ಮೊದಲ ಫಲವನ್ನು ಒಪ್ಪಿಸಿದರೆಂದು ಹಿರಿಯರು ಹೇಳುವರು.

ಕಣಿವೆಯ ನಡುವಣ ಕೆಂಗೇರಿಯು ಮೈಸೂರಿನ ಹೆದ್ದಾರಿಯಲ್ಲಿದ್ದ ಕಾರಣ ಸುಖವನ್ನೂ ದುಃಖವನ್ನೂ ಸಮನಾಗಿ ಕಂಡಿತು. 1791ರಲ್ಲಿ ಕಾರ್ನ್‌ವಾಲಿಸನ ಸೈನ್ಯಕ್ಕೆ ಆಶ್ರಯವಾಗಬಾರದೆಂದು ಟೀಪು ಸುಲ್ತಾನನು ಈ ಊರನ್ನು ಹಾಳುಗೆಡಹಿಸಿದನು. ಊರು ಮರಳಿ ಎದ್ದಿತು. 1866ರಲ್ಲಿ ಡಿ ವೆಕ್ಕಿಯೆಂಬ ಇಟಲಿಯ ಗೃಹಸ್ಥನು ಇಲ್ಲಿ ಉಗಿಯಂತ್ರದಿಂದ ರೇಷ್ಮೆಯ ನೂಲು ತೆಗೆಯುವ ಕಾರ್ಖಾನೆಯನ್ನು ಸ್ಥಾಪಿಸಿದನು. 1880ರ ದಶಕದ ಆದಿಯಲ್ಲಿ ಬೆಂಗಳೂರು ಮೈಸೂರುಗಳ ನಡುವೆ ರೈಲುದಾರಿಯು ಈ ಮಾರ್ಗವಾಗಿಯೇ ಹಾಕಲ್ಪಟ್ಟಿತು. ಹಾಲು, ಸೊಪ್ಪು, ಹುಲ್ಲಿನ ಹೊರೆಗಳು ಕಣಿವೆಯಿಂದ ಪಟ್ಟಣಕ್ಕೆ ಏರುತ್ತಿದ್ದುವು.

ಪಟ್ಟಣವಾದರೂ ಆಗ ಅದೇ ಕಣಿವೆಯ ನೀರನ್ನು ಉಪಯೋಗಿಸುತ್ತಿದ್ದಿತು. ಧರ್ಮಾಂಬುಧಿ, ಕೆಂಪಾಂಬುಧಿ ಕೆರೆಗಳು ಈ ಹೊಳೆಯ ತಲೆಯಲ್ಲಿಯೇ ಇದ್ದುವಷ್ಟೆ. ಪ್ಲೇಗಿನ ಉಪದ್ರವವಾದ 1898ರಲ್ಲಿ ಬಸವನಗುಡಿಯ ಬಡಾವಣೆಯು ರಚಿತವಾಯಿತು, ಮನೆಗಳು ಹೆಚ್ಚಿದುವು, ನೀರಿನ ಅಗತ್ಯವೂ ಹೆಚ್ಚಿತು. 1896ರಲ್ಲಿ ಹೆಸರಘಟ್ಟದಿಂದ, 1933ರಲ್ಲಿ ತಿಪ್ಪಗೊಂಡನಹಳ್ಳಿಯಿಂದ ಅರ್ಕಾವತಿಯ ನೀರು ಬಂದಿತು. ಅದೂ ಸಾಲದೆ, 1974ರಲ್ಲಿ ಸುಮಾರು 100 ಕಿಲೋಮೀಟರು ದೂರದ ತೊರೆಕಾಡನಹಳ್ಳಿಯಿಂದ ಕಾವೇರಿಯನ್ನು ಸುಮಾರು 500 ಮೀಟರು ಎತ್ತರಕ್ಕೆ ಯಂತ್ರಗಳಿಂದ ಏರಿಸಿ ತರಲಾಯಿತು. ಮನೆಗೆ ನಲ್ಲಿ ಬಂದೊಡನೆ ಊರಿಗೆ ಕೆರೆಯ ಹಂಗು ತೀರಿತು. ಹಂಗು ತೀರಿದ ಕೆರೆಯು ಅನಾಥವಾಯಿತು. ಧರ್ಮಾಂಬುಧಿಯು ಬತ್ತಿ, ಅದರ ಅಂಗಳದಲ್ಲಿ ಕೆಂಪೇಗೌಡ ಬಸ್ಸು ನಿಲ್ದಾಣವು ಎದ್ದಿತು.

ಹೀಗೆ ತಂದ ನೀರು ಎಲ್ಲಿಗೆ ಹೋಗತಕ್ಕುದು? ಮಿಂದುದು, ತೊಳೆದುದು, ಪೀಣ್ಯವೇ ಮೊದಲಾದೆಡೆಯ ಕಾರ್ಖಾನೆಗಳು ಬಿಟ್ಟುದು, ಎಲ್ಲವೂ ತಗ್ಗನ್ನು ಹುಡುಕಿ ವೃಷಭಾವತಿಗೆ ಇಳಿಯಿತು. ಮಳೆಗಾಲದ ಹೊಳೆಯು ವರ್ಷವೆಲ್ಲ ಹರಿಯುವ ಹೊಳೆಯಾಯಿತು. ಪ್ರಪಂಚದಲ್ಲಿ ಅನೇಕ ನದಿಗಳು ಬತ್ತಿ ಕೆಟ್ಟುವು. ಇದು ತುಂಬಿ ಕೆಟ್ಟಿತು. ಬೈರಮಂಗಲದಲ್ಲಿ 1940ರ ದಶಕದಲ್ಲಿ ಕಟ್ಟಿದ ಜಲಾಶಯವು ಭತ್ತದ ಗದ್ದೆಗಳಿಗೆ ನೀರುಣಿಸಲೆಂದು ಆದುದು. ಅಲ್ಲಿ ಈಗ ನಿಲ್ಲುವುದು ನೊರೆಯ ನೀರು. ಒಕ್ಕಲಿಗರು ಭತ್ತವನ್ನು ಬಹುಪಾಲು ಬಿಟ್ಟು ಸೀಮೆಹುಲ್ಲು, ಹಿಪ್ಪುನೇರಳೆ, ಎಳೆಯ ಮುಸುಕಿನ ಜೋಳಗಳನ್ನು ಬೆಳೆಯತೊಡಗಿದರು. ಆ ಹುಲ್ಲನ್ನು ಮೇದ ಹಸುವಿನ ಹಾಲು ಮತ್ತೆ ಪಟ್ಟಣಕ್ಕೇ ಏರುವುದು. ಕೆಳಗೆ ಬಿಟ್ಟುದು ಮೇಲಕ್ಕೆ ಬರುವುದಿಲ್ಲವೆಂದು ತಿಳಿದವರಿಗೆ ಇದೊಂದೇ ದೃಷ್ಟಾಂತವು ಸಾಕು.

ಇತ್ತ ಕಣಿವೆಯು ಉಪನಗರವಾಗಿರುವುದು. ಜ್ಞಾನಭಾರತಿಯಲ್ಲಿ ವಿಶ್ವವಿದ್ಯಾನಿಲಯವು ನೆಲೆಸಿತು. 2007ರಲ್ಲಿ ಕೆಂಗೇರಿಯ ಪುರಸಭೆಯು ಮಹಾನಗರಪಾಲಿಕೆಯಲ್ಲಿ ಲೀನವಾಯಿತು. 2021ರಲ್ಲಿ ಮೆಟ್ರೋ ರೈಲು ಕೆಂಗೇರಿಗೂ, 2023ರಲ್ಲಿ ಚಲ್ಲಘಟ್ಟಕ್ಕೂ ಬಂದಿತು. ನಾನಾ ಜಿಲ್ಲೆಗಳಿಂದ ಜೀವನೋಪಾಯಕ್ಕಾಗಿ ಬಂದವರು ಇಲ್ಲಿ ಮನೆಮಾಡಿ ಮಕ್ಕಳನ್ನು ಓದಿಸುತ್ತಿರುವರು. ಇದು ಅಲ್ಪವಾದ ಅಭ್ಯುದಯವಲ್ಲ. ಆದರೆ ಆ ಮಕ್ಕಳಲ್ಲಿ ಅನೇಕರು ಬಸವನ ಹೆಸರಿನ ಈ ಹೊಳೆಯನ್ನು ದೊಡ್ಡ ಮೋರಿಯೆಂದೇ ಅರಿತಿರುವರು. ಹೆಸರು ಹೋದ ಹೊಳೆಗೆ ಒಡೆಯರಿಲ್ಲ.

ನಾಯಂಡಹಳ್ಳಿಯಲ್ಲಿ ಕೊಳಚೆಯನ್ನು ಶುದ್ಧಿಮಾಡುವ ಸ್ಥಾವರವಿರುವುದು. ಅಂಥವು ಇನ್ನೂ ಬೇಕು. ಯಂತ್ರಗಳಿಂದ ಮಾತ್ರವೇ ಕಾರ್ಯವು ಸಿದ್ಧಿಸಲಾರದು. ಪೂರ್ವದ ನೀರುಗಂಟಿಯು ತೂಬಿಗೆ ಕೈಯಿಡುವಾಗ ಕಟ್ಟಕಡೆಯ ಗದ್ದೆಯನ್ನು ನೆನೆಯಬೇಕಾಗಿದ್ದಿತು. ಅದೇ ಅವನ ಹುದ್ದೆಯ ಧರ್ಮ. ಇಂದು ಮನೆಮನೆಯ ನಲ್ಲಿಯೂ ಒಂದೊಂದು ತೂಬು. ಅದನ್ನು ತಿರುಗಿಸುವ ಪ್ರತಿಯೊಬ್ಬನೂ ನೀರುಗಂಟಿಯೇ ಆಗಿರುವನು. ಬೈರಮಂಗಲದ ಒಕ್ಕಲಿಗನು ಅವನ ಕಡೆಯ ಗದ್ದೆಯವನು. ಈ ಎಣಿಕೆಯು ಕಣಿವೆಯ ಜನರ ಮನಸ್ಸಿನಲ್ಲಿ ನೆಲೆಗೊಂಡ ದಿನ ವೃಷಭಾವತಿಗೆ ತನ್ನ ಹೆಸರು ಮರಳಿ ಸಲ್ಲುವುದು.