ಅಜ್ಜಿಯ ಕೈಮೇಲಿನ ಹೂವು ಬರೆದವರು ಯಾರು?

ಬೆಂಗಳೂರಿನ ಜಯನಗರ, ಜೆ.ಪಿ. ನಗರ, ಬಿ.ಟಿ.ಎಂ. ಲೇಔಟ್ ಕಡೆ ಈಗ ಟ್ಯಾಟೂ ಅಂಗಡಿಗಳು ಹೊಸತಲ್ಲ. ಗುಲಾಬಿ, ತಾವರೆ, ಹೂಬಳ್ಳಿ ಯಾವುದು ಬೇಕಾದರೂ ಹಾಕಿಕೊಡುತ್ತಾರೆ. ಕೆಲಸಕ್ಕೆಂದು ಅಲ್ಲಿಗೆ ಹೋದ ನಮ್ಮೂರಿನ ಹುಡುಗ ಹುಡುಗಿಯರು ಹಬ್ಬಕ್ಕೆ ಬಂದಾಗ ಕೈಮೇಲೆ ಹೂವು ಕಂಡರೆ ಮನೆಯಲ್ಲಿ ಗದರುತ್ತಾರೆ. ಆದರೆ ಗದರುವ ಅಜ್ಜಿಯ ಮುಂಗೈಮೇಲೂ ಎಷ್ಟೋ ಮನೆಗಳಲ್ಲಿ ಹಸಿರು ಹೂವೊಂದು ಇರುತ್ತದೆ. ಅದೇ ಹಚ್ಚೆ.

ಬಿ.ಟಿ.ಎಂ. ಎಂದರೆ ಬೈರಸಂದ್ರ, ತಾವರೆಕೆರೆ, ಮಡಿವಾಳ. ಮೂರೂ ನಮ್ಮಂಥವೇ ಹಳ್ಳಿಗಳು. 1948ರಲ್ಲಿ ಜಯನಗರ ಬಡಾವಣೆಗೆ ಅಡಿಪಾಯ ಬೀಳುವವರೆಗೆ ಆ ಕಡೆ ಹೊಲ, ತೋಟ, ಕೆರೆಗಳೇ ಹೆಚ್ಚು. ತಾವರೆ ಅಲ್ಲಿ ಊರಿನ ಹೆಸರಿನಲ್ಲೇ ಇದೆ.

ನಮ್ಮ ನಾಡಿನ ಹಳ್ಳಿಗಳಿಗೆ ಹಚ್ಚೆ ಹುಯ್ಯಲು ಬರುತ್ತಿದ್ದವರಲ್ಲಿ ಹೆಚ್ಚಿನವರು ಕೊರಮ, ಕೊರಚ ಸಮುದಾಯದ ಹೆಂಗಸರು. ಕೊರವಂಜಿ ಎಂದು ನಾವು ಕರೆಯುವುದು ಇವರನ್ನೇ. ದೀಪದ ಕಾಡಿಗೆಗೆ ಸೊಪ್ಪಿನ ರಸ ಸೇರಿಸುತ್ತಿದ್ದರು. ಕೆಲವು ಕಡೆ ಎದೆಹಾಲನ್ನೂ ಹಾಕುತ್ತಿದ್ದರು. ನಾಲ್ಕಾರು ಸೂಜಿ ಒಟ್ಟಿಗೆ ಕಟ್ಟಿ ಚುಚ್ಚುವಾಗ, ಹುಡುಗಿ ನೋವು ಮರೆಯಲೆಂದು ಹಾಡು ಹೇಳುತ್ತಿದ್ದರು. ಕೊನೆಗೆ ಅರಿಶಿನ ಹಚ್ಚುತ್ತಿದ್ದರು. ಕೂಲಿ ಎಂದರೆ ಮೊರದಲ್ಲಿ ರಾಗಿ ಅಥವಾ ಜೋಳ, ಎಲೆ ಅಡಿಕೆ, ಒಂದು ಹಳೆ ಸೀರೆ. ಕಪ್ಪು ಕಾಡಿಗೆ ಚರ್ಮದ ಒಳಗೆ ಕೂತ ಮೇಲೆ ಹಸಿರಾಗಿ ಕಾಣುತ್ತದೆ. ಇಂದಿನ ಅಂಗಡಿಯಲ್ಲಿ ಸದ್ದು ಮಾಡುವ ವಿದ್ಯುತ್ ಯಂತ್ರಕ್ಕೆ 1891ರಲ್ಲಿ ನ್ಯೂಯಾರ್ಕಿನ ಸ್ಯಾಮ್ಯುಯಲ್ ಓರೈಲಿ ಪೇಟೆಂಟ್ ಪಡೆದರು. ಕೊರವಂಜಿಯ ಸೂಜಿ ಅದಕ್ಕಿಂತ ಬಹಳ ಹಳೆಯದು.

ಹೂವಿಗೆ ಅರ್ಥ ಇತ್ತು. ತಾವರೆ ಲಕ್ಷ್ಮಿಯ ಪೀಠ, ಅದು ಮನೆಗೆ ಸಿರಿ. ಬಳ್ಳಿ ಎಂದರೆ ವಂಶ ಹಬ್ಬಲಿ ಎಂಬ ಹಾರೈಕೆ. ಜೊತೆಗೆ ತುಳಸಿಕಟ್ಟೆ, ತೊಟ್ಟಿಲು, ಚೇಳು, ಚುಕ್ಕಿ ರಂಗೋಲಿ. ಸತ್ತಾಗ ಒಡವೆ ಬಿಚ್ಚಿಕೊಳ್ಳುತ್ತಾರೆ, ಹಚ್ಚೆ ಮಾತ್ರ ಸಂಗಡ ಬರುತ್ತದೆ ಎಂದು ಹಿರಿಯರು ಹೇಳುವುದನ್ನು ನೀವೂ ಕೇಳಿರಬಹುದು.

ಈ ಮಾತಿಗೆ ಇನ್ನೊಂದು ಮುಖವೂ ಇದೆ ಎಂದು ನಮಗೆ ಅನ್ನಿಸುತ್ತದೆ. ಗಂಡ ಸತ್ತರೆ ಹೆಣ್ಣಿನ ಬಳೆ ಒಡೆದರು, ಕುಂಕುಮ ಅಳಿಸಿದರು, ಮುಡಿದ ಹೂವು ಕಿತ್ತರು. ಕೈಮೇಲಿನ ಹೂವನ್ನು ಕೀಳಲು ಯಾರಿಂದಲೂ ಆಗಲಿಲ್ಲ.

ಅಂಥ ಹೂವು ಕೊಟ್ಟವರಿಗೆ ಸಿಕ್ಕಿದ್ದೇನು? ಬ್ರಿಟಿಷ್ ಸರ್ಕಾರ 1871ರಲ್ಲಿ ಅಪರಾಧಿ ಬುಡಕಟ್ಟುಗಳ ಕಾಯ್ದೆ ತಂದಿತು. 1911ರಲ್ಲಿ ಅದು ಮದ್ರಾಸ್ ಪ್ರಾಂತ್ಯಕ್ಕೂ ಬಂತು. ಬಳ್ಳಾರಿ ಆಗ ಆ ಪ್ರಾಂತ್ಯದಲ್ಲಿತ್ತು. ಊರೂರು ತಿರುಗಿ ಬದುಕುತ್ತಿದ್ದ ಕೊರವರು, ಕೊರಚರೂ ಪಟ್ಟಿಗೆ ಸೇರಿದರು. ಕಳ್ಳತನ ಮಾಡದಿದ್ದರೂ ಹುಟ್ಟಿನಿಂದಲೇ ಕಳ್ಳರೆಂಬ ಹೆಸರು. ಪೊಲೀಸರ ಮುಂದೆ ಹಾಜರಿ ಹಾಕಬೇಕು, ಊರು ಬಿಡಲು ಅಪ್ಪಣೆ ಬೇಕು. ಹುಬ್ಬಳ್ಳಿ, ಗದಗದಲ್ಲಿ ಇಂಥ ಸಮುದಾಯಗಳನ್ನು ಕೂಡಿಟ್ಟ ಜಾಗಗಳನ್ನು ಜನ ಇಂದಿಗೂ ಸೆಟ್ಲ್‌ಮೆಂಟ್ ಎಂದೇ ಕರೆಯುತ್ತಾರೆ. ಸ್ವಾತಂತ್ರ್ಯ ಬಂದು ಐದು ವರ್ಷವಾದ ಮೇಲೆ, 1952ರಲ್ಲಿ, ಆ ಕಾಯ್ದೆ ಹೋಯಿತು. ಕಳಂಕ ಅಷ್ಟು ಬೇಗ ಹೋಗಲಿಲ್ಲ. ತಿರುಗಾಟವೇ ತಪ್ಪೆಂದ ಮೇಲೆ ತಿರುಗಾಟದ ಕಸುಬು ಉಳಿಯುವುದು ಹೇಗೆ?

ಇಂದು ಅಂಗಡಿಯಲ್ಲಿ ಟ್ಯಾಟೂ ಹಾಕುವವರನ್ನು ನಾವು ಕಲಾವಿದರು ಎನ್ನುತ್ತೇವೆ. ಅನ್ನಲಿ, ತಪ್ಪಿಲ್ಲ. ಅದೇ ಗೌರವ ಮೊರದ ರಾಗಿಗೆ ಹೂವು ಬರೆದು ಹೋದ ಹೆಂಗಸಿಗೂ ಸಲ್ಲಬೇಕು. ಆಕೆಯ ಕೆಲಸ ಯಾವ ಮ್ಯೂಸಿಯಂ ಗೋಡೆಯ ಮೇಲೂ ಬೇಕಿಲ್ಲ, ನಮ್ಮ ಅಜ್ಜಿಯರ ಚರ್ಮದ ಮೇಲಿದೆ. ಅವರು ಹೋದರೆ ಅದೂ ಹೋಗುತ್ತದೆ.

ನಿಮ್ಮ ಕೈಯಲ್ಲಿ ಫೋನ್ ಇದೆ. ಅಜ್ಜಿಯನ್ನು ಕೇಳಿ ಅವರ ಹಚ್ಚೆಯ ಒಂದು ಫೋಟೋ ತೆಗೆದಿಡಿ. ಯಾವ ವಯಸ್ಸಿನಲ್ಲಿ ಹುಯ್ಯಿಸಿಕೊಂಡರು, ಏನು ಕೊಟ್ಟರು, ಯಾವ ಹಾಡು ಕೇಳಿದರು ಎಂದು ವಿಚಾರಿಸಿ. ಹುಯ್ದವಳ ಹೆಸರೇನಿತ್ತು ಎಂದೂ ಮರೆಯದೆ ಕೇಳಿ.